ಒಂದು ರಾತ್ರಿಯ ನಾಟಕ, ನಾಲ್ಕು ತಿಂಗಳ ಹಾಡು

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ಪೌರಾಣಿಕ ನಾಟಕಗಳ ಬಗ್ಗೆ ಓದಿಕೊಂಡವರ ತೀರ್ಮಾನ ಬಹಳ ಕಾಲದಿಂದ ಒಂದೇ: ಉತ್ಸಾಹ ಮೆಚ್ಚತಕ್ಕದ್ದು, ಕಲೆ ಅಷ್ಟಕ್ಕಷ್ಟೆ. ರಾತ್ರಿ ಶುರುವಾಗಿ ಬೆಳಕು ಹರಿಯುವ ತನಕ ನಡೆಯುವ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನ ಶ್ರುತಿ ಬಿಡುತ್ತಾನೆ, ಕೃಷ್ಣನಿಗೆ ಪರದೆಯ ಹಿಂದಿನಿಂದ ಮಾತು ಹೇಳಿಕೊಡಬೇಕಾಗುತ್ತದೆ, ಭೀಮ ಪದ್ಯದ ನಡುವೆ ನಿಂತು ನೆಂಟರ ಹಾರಕ್ಕೆ ಕೊರಳೊಡ್ಡುತ್ತಾನೆ. ಇದೆಲ್ಲ ನಿಜವೇ. ಆದರೆ ಆ ಒಂದು ರಾತ್ರಿಯನ್ನು ಮಾತ್ರ ತಕ್ಕಡಿಗೆ ಹಾಕಿದವರು ತೂಗಬೇಕಾದ್ದನ್ನು ಹೊರಗೇ ಬಿಟ್ಟಿದ್ದಾರೆ ಎಂಬುದು ನನ್ನ ವಾದ. ದುಡಿದು ಉಣ್ಣುವ ಜನ ತಾವೇ ಹಾಡಿ ಆಡುವ ನಾಟಕದ ಅಸಲು ಕೆಲಸ ನಡೆಯುವುದು ಅದಕ್ಕೆ ಮುಂಚಿನ ತಿಂಗಳುಗಳ ತಾಲೀಮಿನಲ್ಲಿ, ಆ ತಾಲೀಮು ಬೆಸೆದುಕೊಂಡ ದಿನನಿತ್ಯದ ಬದುಕಿನಲ್ಲಿ. ಅಲ್ಲಿ ಕೆಲಸ ಮಾಡುವುದು ಮಾತಿಗಿಂತ ಹೆಚ್ಚಾಗಿ ಹಾಡು.

ಮಂಡ್ಯ, ತುಮಕೂರು, ಹಾಸನ, ರಾಮನಗರದ ಕಡೆ ನಾಟಕ ಕಟ್ಟುವ ಬಗೆಯನ್ನು ಮೊದಲು ನೋಡಬೇಕು. ಊರಿನ ಹತ್ತಿಪ್ಪತ್ತು ಜನ ಸೇರಿ ಒಂದು ನಾಟಕ ಗೊತ್ತುಮಾಡುತ್ತಾರೆ: ಕುರುಕ್ಷೇತ್ರ, ದಕ್ಷಯಜ್ಞ, ರಾಜಸೂಯ ಯಾಗ, ಸಂಪೂರ್ಣ ರಾಮಾಯಣ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಾರೆ. ನಿರ್ದೇಶಕ, ಸಂಗೀತದ ಗುರು, ಉಚ್ಚಾರಣೆ ತಿದ್ದುವವನು, ಜಗಳ ಬಿಡಿಸುವವನು ಎಲ್ಲ ಆತನೇ. ಪಾತ್ರಧಾರಿಗಳು ತಲಾ ಇಷ್ಟೆಂದು ಹಣ ಹಾಕುತ್ತಾರೆ. ಮೇಷ್ಟ್ರ ಸಂಬಳ, ಡ್ರಾಮಾ ಸೀನರಿಯ ಬಾಡಿಗೆ, ತಬಲಾದವನ ಕೂಲಿ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಅದರಲ್ಲೇ ಹುಟ್ಟಬೇಕು. ಆಮೇಲೆ ಶುರುವಾಗುವ ತಾಲೀಮು ದೇವಸ್ಥಾನದ ಪ್ರಾಂಗಣದಲ್ಲೋ ಸಮುದಾಯ ಭವನದಲ್ಲೋ ಖಾಲಿ ಬಿದ್ದ ಹುಳದ ಮನೆಯಲ್ಲೋ ತಿಂಗಳುಗಟ್ಟಲೆ ನಡೆಯುತ್ತದೆ. ಅದರ ಹೊತ್ತನ್ನು ಗೊತ್ತುಮಾಡುವುದು ಊರಿನ ದುಡಿಮೆ. ಸಂಜೆ ಡೇರಿಗೆ ಹಾಲು ಹಾಕಿ, ದನಕ್ಕೆ ಮೇವು ಹಾಕಿ, ಮುದ್ದೆ ಉಂಡ ಮೇಲೆಯೇ ಕರ್ಣನೂ ಶಕುನಿಯೂ ಚಾಪೆಯ ಮೇಲೆ ಕೂರಬೇಕು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಅರ್ಜುನ ಗದ್ದೆಯಲ್ಲಿ ನೀರು ತಿರುಗಿಸುತ್ತಿರುತ್ತಾನೆ. ರೇಷ್ಮೆ ಸಾಕುವ ಮನೆಯವನಾದರೆ, ನಾಲ್ಕನೇ ಜ್ವರ ಕಳೆದು ಹುಳಗಳು ಹಗಲೂ ರಾತ್ರಿ ಸೊಪ್ಪು ಕೇಳುವ ದಿನಗಳಿಂದ ಹಿಡಿದು, ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡುವ ತನಕ ತಾಲೀಮಿನ ಕಡೆ ತಲೆ ಹಾಕಲಾರ. ಬಂದವರಷ್ಟೇ ಸೇರಿ, ಬಾರದವರ ಪದ್ಯವನ್ನೂ ಹಾಡಿಕೊಂಡು ಅಂದಿನ ಅಭ್ಯಾಸ ಸಾಗುತ್ತದೆ. ಹೀಗೆ ಪರಸ್ಪರರ ಪಾತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. ವೃತ್ತಿನಿರತ ತಂಡದಲ್ಲಿ ಗೈರುಹಾಜರಿ ತಪ್ಪು. ಇಲ್ಲಿ ಅದು ಬದುಕಿನ ಲೆಕ್ಕದೊಳಗೇ ಇರುವ ಸಂಗತಿ, ಕಲಿಕೆಯ ಕ್ರಮ ಅದಕ್ಕೆ ಹೊಂದಿಕೊಂಡೇ ಬೆಳೆದಿದೆ.

ಈ ಹೊಂದಾಣಿಕೆ ಸಾಧ್ಯವಾಗುವುದು ಹಾಡಿನಿಂದ. ಬರೀ ಮಾತಿನ ನಾಟಕವನ್ನು ಕಲಿಯಲು ಪುಸ್ತಕ ಬೇಕು, ಕೂತು ಓದುವ ಹೊತ್ತು ಬೇಕು, ಎದುರು ಮಾತಾಡುವ ಇನ್ನೊಬ್ಬ ಬೇಕು. ಹಾಡಿಗೆ ಇದಾವುದೂ ಬೇಡ. ರಾತ್ರಿ ಮೇಷ್ಟ್ರ ಬಾಯಿಂದ ಕಿವಿಗೆ ಬಿದ್ದ ಮಟ್ಟು ಮಾರನೆಯ ದಿನ ಕಬ್ಬಿನ ಸೋಗೆ ಸುಲಿಯುವಾಗ, ಟ್ರ್ಯಾಕ್ಟರ್ ಓಡಿಸುವಾಗ, ಹಾಲಿನ ಸಾಲಿನಲ್ಲಿ ನಿಂತಾಗ ತಾನಾಗಿ ಗಂಟಲಿಗೆ ಬರುತ್ತದೆ. ಕೈ ತನ್ನ ಕೆಲಸ ಮಾಡುತ್ತಿರುವಾಗಲೇ ಬಾಯಿ ತನ್ನ ಪಾಠ ಒಪ್ಪಿಸಿಕೊಳ್ಳುತ್ತದೆ. ಪೌರಾಣಿಕ ನಾಟಕದಲ್ಲಿ ಎರಡು ಬಗೆಯ ಹಾಡಿಕೆಯುಂಟು. ತಾಳವಿಲ್ಲದೆ ರಾಗ ಎಳೆದು ಹಾಡುವ ಕಂದ, ವೃತ್ತ, ಸೀಸಪದ್ಯಗಳು ಒಂದು ಕಡೆ. ತಬಲಾಕ್ಕೆ ಕೂರುವ ಹಾಡುಗಳು ಇನ್ನೊಂದು ಕಡೆ. ಮೊದಲನೆಯದು ಉಸಿರನ್ನು ಕಲಿಸುತ್ತದೆ: ಪದವನ್ನು ಎಲ್ಲಿ ಬಿಡಿಸಿದರೆ ಅರ್ಥ ಕೆಡುವುದಿಲ್ಲ, ಎಲ್ಲಿ ನಿಂತರೆ ಮುಂದಿನ ಸಾಲಿಗೆ ದಮ್ಮು ಉಳಿಯುತ್ತದೆ ಎಂಬುದನ್ನು. ಎರಡನೆಯದು ಜೊತೆಯವರನ್ನು ಕೇಳಿಸಿಕೊಳ್ಳುವುದನ್ನು ಕಲಿಸುತ್ತದೆ. ತಾಳ ಒಬ್ಬನ ಸ್ವತ್ತಲ್ಲವಷ್ಟೆ. ಇನ್ನು ವೇದಿಕೆಯ ಮೇಲೆ ಮರೆತರೆ, ಮಾತಿನವನಿಗೆ ಪ್ರಾಂಪ್ಟರನೊಬ್ಬನೇ ಗತಿ. ಹಾಡುವವನಿಗೆ ಹಾರ್ಮೋನಿಯಂ ಮುಂದಿನ ಎರಡು ಸ್ವರ ನುಡಿಸಿದರೆ ಸಾಕು, ಸ್ವರದ ಬೆನ್ನು ಹಿಡಿದು ಪದ ಬಂದುಬಿಡುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಈ ನಾಟಕಗಳ ಕನ್ನಡ ಹಳ್ಳಿಯ ಆಡುಮಾತಿನಿಂದ ಬಲು ದೂರದ್ದು: ಸಂಸ್ಕೃತ ಸಮಾಸಗಳು ತುಂಬಿದ, ಮಹಾಪ್ರಾಣಗಳಿಂದ ಬಿಗಿದ ಗ್ರಂಥಭಾಷೆ. ಹಕಾರವನ್ನು ಸಲೀಸಾಗಿ ಬಿಟ್ಟು ಮಾತಾಡುವ ಸೀಮೆಯ ಒಬ್ಬ ರೈತನಿಗೆ ಶಾಲೆಯಲ್ಲಿ ಈ ಭಾಷೆ ಬೆತ್ತದ ಜೊತೆ ಬಂದಿತ್ತು, ಬಾರದಿದ್ದಾಗ ಅವಮಾನವಾಗಿತ್ತು. ತಾಲೀಮಿನಲ್ಲಿ ಅದೇ ಭಾಷೆ ರಾಗದ ಹೆಗಲೇರಿ ಬರುತ್ತದೆ. ಹತ್ತು ಸಲ ಹಾಡಿದ ಮೇಲೆ ನಾಲಿಗೆ ತಿರುಗುತ್ತದೆ, ನಲವತ್ತು ಸಲ ಹಾಡಿದ ಮೇಲೆ ಅದು ಅವನದೇ ಆಗುತ್ತದೆ. ವಿದುರನ ನೀತಿಯನ್ನೂ ಕರ್ಣನ ಸಂಕಟವನ್ನೂ ಆ ಎತ್ತರದ ಭಾಷೆಯಲ್ಲೇ ತನ್ನ ಬಾಯಿಂದ ಹೇಳುವ ಹಕ್ಕು ಅವನಿಗೆ ದಕ್ಕುತ್ತದೆ. ಕನ್ನಡದ ಶಿಷ್ಟಭಾಷೆಯನ್ನು ಅಕ್ಷರ ಕಲಿಯದವರ ನಾಲಿಗೆಗೂ ಇಷ್ಟು ಪೂರ್ತಿಯಾಗಿ ತಲುಪಿಸಿದ ವ್ಯವಸ್ಥೆಗಳು ಹೆಚ್ಚಿಲ್ಲ. ಹರಿಕಥೆ, ಯಕ್ಷಗಾನ, ದೊಡ್ಡಾಟಗಳನ್ನು ಅದರ ಜೊತೆ ಹೆಸರಿಸಬಹುದು. ಅವುಗಳಲ್ಲೂ ಕೆಲಸ ನಡೆಸುವುದು ಹಾಡೇ.

ಹಾಡನ್ನು ಬಿಟ್ಟು ನಾಟಕ ಕಟ್ಟುವ ಪ್ರಯೋಗ ಕನ್ನಡದಲ್ಲಿ ನಡೆದೇ ಇದೆ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಶನ್ ಹುಟ್ಟಿತು. ಅದರ ಹಿಂದೆಯೇ ಟಿ. ಪಿ. ಕೈಲಾಸಂ ಬಂದರು. ಹಾಡಿನ ಮೇಲೆ ಹಾಡು ಪೇರಿಸುತ್ತಿದ್ದ ಕಂಪನಿ ನಾಟಕಗಳಿಗೆ ಎದುರಾಗಿ, ಮನೆಯೊಳಗಿನ ಮಾತನ್ನೇ ರಂಗಕ್ಕೆ ತಂದರು. ಆ ಬಿಡುಗಡೆ ಅಗತ್ಯವಾಗಿತ್ತು, ಅದರಿಂದ ಕನ್ನಡ ನಾಟಕ ಬೆಳೆಯಿತು. ಆದರೆ ಹವ್ಯಾಸಿ ರಂಗಭೂಮಿ ನಗರದ ವಿದ್ಯಾವಂತರದ್ದಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಬಿ. ವಿ. ಕಾರಂತರು ‘ಜೋಕುಮಾರಸ್ವಾಮಿ’ಯಂಥ ನಾಟಕಗಳನ್ನು ಆಡಿಸಿದಾಗ ಹಾಡು ನಗರದ ಹವ್ಯಾಸಿಗಳಿಗೆ ಮರಳಿ ಸಿಕ್ಕಿತು. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯಲ್ಲಿ ಪಳಗಿದವರೆಂಬುದು ಇಲ್ಲಿ ಮುಖ್ಯ. ಬೆನಕ ತಂಡ ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ಜೋಡಿಸಿ ಆಡಿದ್ದೂ, ಆರ್. ಪರಮಶಿವನ್ ಅವರು ಕಂಪನಿಯ ರಂಗಗೀತೆಗಳನ್ನು ಹೊಸ ತಲೆಮಾರಿಗೆ ದಾಟಿಸಿದ್ದೂ, ‘ಫಿಡ್ಲರ್ ಆನ್ ದ ರೂಫ್’ ಎಂಬ ಅಮೆರಿಕದ ಸಂಗೀತ ನಾಟಕ ಜಯಂತ ಕಾಯ್ಕಿಣಿಯವರ ಕೈಯಲ್ಲಿ ‘ಜೊತೆಗಿರುವನು ಚಂದಿರ’ವಾದದ್ದೂ ಇದೇ ದಾರಿಯ ಮುಂದುವರಿಕೆ. ಹಳ್ಳಿಯವರು ಮಾತ್ರ ಹಾಡನ್ನು ಬಿಟ್ಟೇ ಇರಲಿಲ್ಲ. ಕಂಪನಿಯ ಡೇರೆಗಳು ಒಂದೊಂದಾಗಿ ಕಳಚಿದ ಮೇಲೂ ಆ ಮಟ್ಟುಗಳು ಮೇಷ್ಟ್ರುಗಳ ಬಾಯಲ್ಲಿ, ಕೈಬರಹದ ಪುಸ್ತಕಗಳಲ್ಲಿ ಊರಿಂದೂರಿಗೆ ನಡೆದವು. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ಇಂದು ಉಳಿದಿರುವುದು ಆನೆಯಿಂದಲ್ಲ, ಈ ಮಟ್ಟುಗಳಿಂದ.

ಈಗ ಆಕ್ಷೇಪಗಳಿಗೆ ಬರೋಣ. ತಾಲೀಮೇ ಮುಖ್ಯವೆಂದರೆ ಕಳಪೆ ಪ್ರದರ್ಶನಕ್ಕೆ ಮಾಫಿ ಕೊಟ್ಟಂತಾಗುವುದಿಲ್ಲವೇ? ಇಲ್ಲ. ತಾಲೀಮನ್ನು ಅಳತೆಗೋಲು ಮಾಡಿದರೆ ವಿಮರ್ಶೆ ಇನ್ನಷ್ಟು ಕಟುವಾಗಬೇಕಾಗುತ್ತದೆ. ಶ್ರುತಿ ತಪ್ಪಿದ ನಟನನ್ನು ಗೇಲಿ ಮಾಡುವುದು ಸುಲಭ. ಅವನ ದನಿಗೆ ಒಗ್ಗದ ಶ್ರುತಿಯನ್ನು ಹಠದಿಂದ ಏರಿಸಿದವರು ಯಾರು ಎಂದು ಕೇಳುವುದೇ ಸರಿಯಾದ ವಿಮರ್ಶೆ. ಮೈಕಿಲ್ಲದ ಕಾಲದಲ್ಲಿ ಕಂಪನಿ ನಟರು ಕೊನೆಯ ಸಾಲಿಗೆ ಮುಟ್ಟಲೆಂದು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಮೈಕು, ಅದರ ಮೇಲೆ ಎಕೋ ಸೇರಿದ ಮೇಲೂ ಅದೇ ಎತ್ತರಕ್ಕೆ ಕಿರುಚುವುದಕ್ಕೆ ಕಾರಣವಿಲ್ಲ. ತಾಲೀಮಿಗೆ ಬಾರದೆ ಆಟದ ದಿನವಷ್ಟೇ ಇಳಿಯುವ ಕೀಬೋರ್ಡು, ರಿದಂ ಪ್ಯಾಡುಗಳ ಅಬ್ಬರದಲ್ಲಿ ತಿಂಗಳುಗಟ್ಟಲೆ ಕಟ್ಟಿದ ನಯ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. ಇವು ತಾಲೀಮಿನ ಲೋಪಗಳು, ತಿದ್ದಬಹುದಾದವು. ಹಾರ ಹಾಕುವ ವಿಷಯದಲ್ಲಿ ಮಾತ್ರ ನಾನು ಅಷ್ಟು ಕಠಿಣನಲ್ಲ. ನಾಟಕದ ಓಟ ಅದರಿಂದ ಮುರಿಯುತ್ತದೆ, ದಿಟ. ಆದರೆ ಅಷ್ಟು ತಿಂಗಳು ಅವನ ಗುನುಗನ್ನು ಗದ್ದೆಯ ಬದುವಿನಲ್ಲಿ ಕೇಳಿದವರೇ ಆ ಹಾರ ತಂದವರು, ಅವರಿಗೂ ಅಂಕಕ್ಕೊಮ್ಮೆ ಒಂದು ಹೊತ್ತನ್ನು ಗೊತ್ತುಮಾಡಿಕೊಟ್ಟರಾಯಿತು.

ಹಣದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪಾತ್ರ ಸಿಗುವುದು ದುಡ್ಡು ಕೊಟ್ಟವನಿಗೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು ಬೆಲೆ. ಒಳ್ಳೆಯ ಕಂಠವಿದ್ದ ಬಡವ ಸೈಂಧವನಾಗಿ ನಿಲ್ಲುತ್ತಾನೆ, ಇಲ್ಲವೇ ಚಾಪೆಯ ಅಂಚಿನಲ್ಲಿ ಕೂತು ಕೇಳುತ್ತಾನೆ. ಬೆಳೆ ಕೈಕೊಟ್ಟ ವರ್ಷ ಸಾಲ ಮಾಡಿ ಪಾತ್ರ ಕಟ್ಟುವವರೂ ಇದ್ದಾರೆ. ತಾವೇ ಹಣ ಹಾಕುವುದರಿಂದ ನಾಟಕ ಯಾವ ಮುಖಂಡನ ಹಂಗಿನಲ್ಲೂ ಇಲ್ಲ ಎಂಬ ಉತ್ತರ ಅರ್ಧ ನಿಜ. ಒಂದೇ ಪಾತ್ರವನ್ನು ಇಬ್ಬರು ಮೂವರಿಗೆ ಹಂಚುವ ರೂಢಿಯೂ ಇದೆ. ಸಂಧಾನದವರೆಗೆ ಒಬ್ಬ ಕೃಷ್ಣ, ಯುದ್ಧಕ್ಕೆ ಇನ್ನೊಬ್ಬ. ನಗರದವರಿಗೆ ವಿಚಿತ್ರವಾಗಿ ಕಾಣುವ ಈ ಪದ್ಧತಿ ಹೊರೆಯನ್ನೂ ಹಂಚುತ್ತದೆ, ಅವಕಾಶವನ್ನೂ ಹೆಚ್ಚಿಸುತ್ತದೆ. ಇಷ್ಟೆಲ್ಲ ಹೇಳಿದರೂ ಕಂಠಕ್ಕಿಂತ ಕಾಸಿಗೆ ಬೆಲೆ ಬರುವುದು ಅನ್ಯಾಯವೇ. ಅದನ್ನು ಒಪ್ಪಿಕೊಂಡ ಮೇಲೆ, ಸರ್ಕಾರದ ಹಣ ಎಲ್ಲಿ ಸೇರಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಗಳಿಗೆ ಕಾರ್ಯಕ್ರಮ ನಡೆಸಲು, ವಾದ್ಯ ವೇಷಭೂಷಣ ಕೊಳ್ಳಲು ಧನಸಹಾಯ ಕೊಡುತ್ತದೆ. ಇದು ಒಳ್ಳೆಯದೇ. ಆದರೆ ಮೇಷ್ಟ್ರ ತಿಂಗಳ ಸಂಬಳವನ್ನು ಇಲಾಖೆ ಹೊತ್ತರೆ ಪಾತ್ರದ ಬೆಲೆ ಇಳಿಯುತ್ತದೆ. ಸಂಬಳ ಊರವರ ಕೈಯಿಂದ ಬಾರದಿದ್ದಾಗ, ಈ ದನಿ ಕರ್ಣನದು, ಈ ದನಿ ಶಕುನಿಯದು ಎಂದು ಮುಖ ನೋಡದೆ ಹೇಳುವ ಧೈರ್ಯ ಮೇಷ್ಟ್ರಿಗೂ ಬರುತ್ತದೆ.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಗಂಡಸು ತಾಲೀಮಿಗೆ ಹೋದ ರಾತ್ರಿಗಳಲ್ಲಿ ಹುಳಕ್ಕೆ ಸೊಪ್ಪು ಹಾಕಿದವಳು, ಕರುವನ್ನು ಕಟ್ಟಿದವಳು, ಮಕ್ಕಳನ್ನು ಮಲಗಿಸಿದವಳು ಮನೆಯ ಹೆಂಗಸು. ದ್ರೌಪದಿ, ಕುಂತಿ, ಗಾಂಧಾರಿಯರಾಗಿ ಬರುವ ವೃತ್ತಿ ಕಲಾವಿದೆಯರು ಸಮರ್ಥರು. ಹತ್ತಾರು ನಾಟಕಗಳ ಸ್ತ್ರೀಪಾತ್ರಗಳು ಅವರಿಗೆ ಕಂಠಪಾಠ. ಎಷ್ಟೋ ಕಡೆ ಆಟ ತಡವರಿಸಿದಾಗ ಎತ್ತಿ ನಿಲ್ಲಿಸುವವರು ಅವರೇ. ಆದರೂ ಅವರು ಬರುವುದು ಆಟದ ರಾತ್ರಿಗೆ, ಹೆಚ್ಚೆಂದರೆ ಕೊನೆಯ ಅಭ್ಯಾಸಕ್ಕೆ. ತಾಲೀಮಿನಲ್ಲಿ ದೊರೆಯುವ ಭಾಷೆ, ಉಸಿರು, ಜೊತೆತನ ಇಷ್ಟು ದೊಡ್ಡದೆಂದು ವಾದಿಸಿದವರು ಅದು ಊರಿನ ಅರ್ಧ ಜನಕ್ಕೆ ಸಿಗುತ್ತಿಲ್ಲವೆಂಬುದನ್ನೂ ಅಷ್ಟೇ ಜೋರಾಗಿ ಹೇಳಬೇಕು. ಜಾತಿಯ ಮಾತೂ ಹಾಗೆಯೇ. ಎಲ್ಲ ಕೇರಿಯವರೂ ಒಂದೇ ಚಾಪೆಯಲ್ಲಿ ಕೂತು ಹಾಡುವ ಊರುಗಳಿವೆ, ದಲಿತ ಕೇರಿಯವರು ತಮ್ಮದೇ ತಂಡ ಕಟ್ಟಿ ತಮ್ಮದೇ ಕುರುಕ್ಷೇತ್ರ ಆಡಬೇಕಾದ ಊರುಗಳೂ ಇವೆ. ಆದರೆ ಇದಕ್ಕಾಗಿ ಇಡೀ ಪದ್ಧತಿಯನ್ನು ತಳ್ಳಿಹಾಕುವುದರಿಂದ ಹೊರಗುಳಿದವರಿಗೆ ಏನೂ ಸಿಗುವುದಿಲ್ಲ. ಮಹಿಳೆಯರೇ ತಂಡ ಕಟ್ಟಿ ಗಂಡುಪಾತ್ರಗಳನ್ನೂ ಹಾಡಿ ಆಡುತ್ತಿರುವ ಕುರುಕ್ಷೇತ್ರಗಳು ಈಗ ಅಲ್ಲಲ್ಲಿ ನಡೆಯುತ್ತಿವೆ. ತಾಲೀಮಿನ ಹೊತ್ತನ್ನು ಅವರ ಕೆಲಸಕ್ಕೆ ಹೊಂದಿಸಿದರೆ, ಅಂದರೆ ಮಧ್ಯಾಹ್ನದ ಬಿಡುವಿಗೋ ಶಾಲೆ ಬಿಡುವ ಮುಂಚಿನ ಗಂಟೆಗೋ ಇಟ್ಟರೆ, ಭೀಮನ ಗದೆ ಎತ್ತಲು ಅವರೇನೂ ಹಿಂಜರಿಯುವುದಿಲ್ಲವೆಂದು ಆ ಪ್ರದರ್ಶನಗಳೇ ತೋರಿಸಿವೆ.

ಮುಂದಿನ ಚಿಂತೆ ಮೇಷ್ಟ್ರದ್ದು. ವೇಷ ಬಾಡಿಗೆಗೆ ಸಿಗುತ್ತದೆ, ಸೀನರಿ ಸಿಗುತ್ತದೆ, ರಂಗಮಂದಿರಗಳು ಜಿಲ್ಲೆ ಜಿಲ್ಲೆಯಲ್ಲಿವೆ. ನೂರಾರು ಮಟ್ಟುಗಳನ್ನು ಹೊತ್ತು, ಹಾಡಲು ಬಾರದವನ ಬಾಯಲ್ಲೂ ಹಾಡು ಹುಟ್ಟಿಸಬಲ್ಲ ಕಿವಿ ಬಾಡಿಗೆಗೆ ಸಿಗುವುದಿಲ್ಲ. ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೊಲದಲ್ಲಿ ಕೇಳುವುದು ಒಳ್ಳೆಯ ಊರುಗೋಲು, ಬಹಳ ಮಂದಿಗೆ ಉಪಕಾರವಾಗಿದೆ. ಆದರೆ ನಿನ್ನ ದನಿಗೆ ಇದು ಎತ್ತರವಾಯಿತು, ಅರ್ಧ ಮನೆ ಇಳಿಸೋಣ ಎಂದು ಫೋನು ಹೇಳಲಾರದು. ರಂಗಶಿಕ್ಷಣ ಕೇಂದ್ರಗಳು ನಟರನ್ನೂ ನಿರ್ದೇಶಕರನ್ನೂ ತಯಾರು ಮಾಡುತ್ತಿವೆ. ಹೆಗ್ಗೋಡಿನಲ್ಲಿ 1949ರಲ್ಲಿ ಹಳ್ಳಿಯ ಹವ್ಯಾಸಿಗಳ ಸಂಘವಾಗಿ ಶುರುವಾದ ನೀನಾಸಮ್ ಅಂಥ ಶಾಲೆಯೊಂದನ್ನು 1980ರಿಂದ ನಡೆಸಿಕೊಂಡು ಬಂದಿದೆ. ಅದೇ ಮಟ್ಟದ ಕಾಳಜಿಯಿಂದ ಹಾರ್ಮೋನಿಯಂ ಮೇಷ್ಟ್ರುಗಳನ್ನು ತಯಾರು ಮಾಡುವ ಕೋರ್ಸೊಂದು ಮಂಡ್ಯದಲ್ಲೋ ತುಮಕೂರಿನಲ್ಲೋ ಬೇಕು. ವಯಸ್ಸಾದ ಮೇಷ್ಟ್ರ ಪಕ್ಕದಲ್ಲಿ ಇಬ್ಬರು ಕಿರಿಯರು, ಅದರಲ್ಲಿ ಒಬ್ಬಳು ಹುಡುಗಿ, ಸಂಬಳ ಪಡೆದು ಎರಡು ಸುಗ್ಗಿಯ ತಾಲೀಮುಗಳಲ್ಲಿ ಪೂರ್ತಿ ಕೂತು ಕಲಿಯುವಂತಾಗಬೇಕು. ಅಷ್ಟರಲ್ಲಿ ಆ ಮಟ್ಟುಗಳು, ಅವುಗಳನ್ನು ಕಲಿಸುವ ರೀತಿಯ ಸಮೇತ, ಇನ್ನೊಂದು ತಲೆಮಾರಿನ ಕೈ ಸೇರುತ್ತವೆ.