ಬ್ಯಾನರ್ ಕಟ್ಟುವ ಹುಡುಗರಿಗೂ ಒಂದು ಸಿನಿಮಾ

2024ರ ಜನವರಿ 8. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಬ್ಯಾನರ್ ನಿಲ್ಲಿಸಲು ಹೋದ ಮೂವರು ಯುವಕರು ಕರೆಂಟ್ ಹೊಡೆದು ತೀರಿಕೊಂಡರು. ಅಂದೇ ನಟ ಊರಿಗೆ ಬಂದು ಮನೆಯವರಿಗೆ ಸಾಂತ್ವನ ಹೇಳಿದರು, ಇಂಥ ಅಭಿಮಾನ ಬೇಡ ಎಂದರು. ನಾವೂ ‘ಹುಚ್ಚು ಅಭಿಮಾನ’ ಎಂದು ಬೈದು ಸುಮ್ಮನಾದೆವು. ಪಟ್ಟಿ ಎತ್ತಿ, ನಿದ್ದೆಗೆಟ್ಟು ಬ್ಯಾನರ್ ಕಟ್ಟುವ ಹುಡುಗರಿಗೆ ಆ ಗುಂಪಿನಲ್ಲಿ ಏನು ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ.

ಬ್ರಿಟಿಷ್ ಸಿನಿಮಾ ಇಂಥ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. ಶೇನ್ ಮೆಡೋಸ್‌ನ ‘ದಿಸ್ ಈಸ್ ಇಂಗ್ಲೆಂಡ್’ (2006) ಚಿತ್ರದ ಶಾನ್‌ಗೆ ಹನ್ನೆರಡು ವರ್ಷ. ಅಪ್ಪ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸತ್ತಿದ್ದಾನೆ, ಶಾಲೆಯಲ್ಲಿ ಗೇಲಿ. ತಲೆ ಬೋಳಿಸಿ, ಬೂಟು ಹಾಕಿ ಸ್ಕಿನ್‌ಹೆಡ್ ಹುಡುಗರ ಜೊತೆ ಸೇರಿದ ಮೇಲೆ ಅವನಿಗೂ ನಾಕು ಮಂದಿ ತನ್ನವರು ಸಿಗುತ್ತಾರೆ. ಜೈಲಿನಿಂದ ಬಂದ ಕಾಂಬೋ ಆ ಒಂಟಿತನವನ್ನೇ ವಲಸಿಗರ ಮೇಲಿನ ದ್ವೇಷಕ್ಕೆ ತಿರುಗಿಸುತ್ತಾನೆ. ‘ಕ್ವಾಡ್ರೊಫೀನಿಯಾ’ (1979) ಚಿತ್ರದ ಜಿಮ್ಮಿ, ತಾನು ಆರಾಧಿಸಿದ ಗುಂಪಿನ ಹೀರೋ ಹೋಟೆಲೊಂದರಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವುದನ್ನು ಕಂಡು ಕುಸಿದುಹೋಗುತ್ತಾನೆ. ಎರಡರಲ್ಲೂ ಕ್ಯಾಮೆರಾ ಇರುವುದು ಹಿಂಬಾಲಿಸುವ ಹುಡುಗನ ಪಕ್ಕದಲ್ಲಿ.

ನಮ್ಮ ದೊಡ್ಡ ಚಿತ್ರಗಳಲ್ಲಿ ಆ ಹುಡುಗ ಹೀರೋ ಹಿಂದೆ ಕುಣಿಯುತ್ತಾನೆ, ಜೈಕಾರ ಹಾಕುತ್ತಾನೆ. ಅವನಿಗೆ ಮನೆ, ಹೆಸರು ಇರುವುದಿಲ್ಲ. ಹಾಗಂತ ಅಭಿಮಾನಿ ಸಂಘಗಳು ಬರೀ ಹುಚ್ಚಾಟವಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಬೆನ್ನಿಗೆ ನಿಂತು ಕನ್ನಡಕ್ಕಾಗಿ ಬೀದಿಗಿಳಿದವರಲ್ಲಿ ಅವೂ ಇದ್ದವು. ಒಗ್ಗಟ್ಟಿನ ಅದೇ ಕಸುವು ಎತ್ತ ಬೇಕಾದರೂ ಹರಿಯಬಹುದು. ತೇಜಸ್ವಿ ಕಥೆಯ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಧರ್ಮದ ಗೆರೆ ಎಳೆದುಕೊಂಡ ಕಾಲೇಜು ಹುಡುಗರನ್ನು ನಗುನಗುತ್ತ ತೋರಿಸಿತು. ಆದರೆ ಅದು ಮಲೆನಾಡಿನ ಅಬಚೂರು. ಕಾಲೇಜು ಬಿಟ್ಟು ದುಡಿಮೆಗೆ ಗೋವಾ, ಬೆಂಗಳೂರಿನ ಬಸ್ಸು ಹತ್ತುವ ಶಿರಹಟ್ಟಿ, ಮುಂಡರಗಿಯ ಹುಡುಗ ಎಲ್ಲಿ? ಅವನ ಮಾತು ಇಂದಿಗೂ ಹೆಚ್ಚಾಗಿ ನಗಿಸಲಿಕ್ಕೇ ಬಳಕೆಯಾಗುತ್ತದೆ.

ಇಂಥವರ ಬದುಕನ್ನು ಸಿನಿಮಾ ಮಾಡುವುದೇನು ಆಗದ ಮಾತಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ‘ಶಿವಮ್ಮ’ ಚಿತ್ರ ತೆಗೆದರು. ಬಿಸಿಯೂಟ ಮಾಡುವ ಹೆಂಗಸೊಬ್ಬಳ ಕಥೆ, ನಮ್ಮದೇ ಮಾತು. 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಅದಕ್ಕೆ ಬಂತು. ಅದರ ನಿರ್ಮಾಪಕ ರಿಷಬ್ ಶೆಟ್ಟಿ. ತಾರೆಯೊಬ್ಬರ ದುಡ್ಡು ಇಂಥ ಕಡೆಗೂ ಹರಿಯಬಲ್ಲದು. ‘ಹೀಗೆ ಮಾಡಬೇಡಿ’ ಎಂದು ಅಭಿಮಾನಿಗಳಿಗೆ ಬುದ್ಧಿ ಹೇಳುವ ಉಳಿದ ತಾರೆಯರೂ ಆ ಹುಡುಗರ ಬದುಕಿನ ಮೇಲೆ ಒಂದೊಂದು ಚಿತ್ರ ಮಾಡಲಿ.