ಬಡ್ಡಿ ಇಳಿದರೆ ಸಾಲದು

ಸಾಲದ ಮಾತು ಬಂದಾಗ ನಾವು ಬೆಳೆಗಾರರು ಮೊದಲು ವಿಚಾರಿಸುವುದು ಬಡ್ಡಿಯ ದರವನ್ನು. ಕೆಟ್ಟ ವರ್ಷದ ಹೊರೆಯನ್ನು ಯಾರು ಹೊರಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಅಮೆರಿಕದ ವಿಲಿಯಮ್ಸ್ ಕಾಲೇಜಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ಆನಂದ್ ಸ್ವಾಮಿಯವರು ಬ್ರಿಟಿಷರ ಕಾಲದ ಭಾರತದ ಸಾಲ, ಜಮೀನು, ಕಾನೂನುಗಳನ್ನು ವರ್ಷಗಟ್ಟಲೆ ಅಭ್ಯಸಿಸಿದವರು. ರೇಚಲ್ ಕ್ರಾಂಟನ್ ಅವರೊಡನೆ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಮುಂಬಯಿ ಪ್ರಾಂತ್ಯದ ದಖ್ಖನ್ ಭಾಗವನ್ನು ಪರಿಶೀಲಿಸಿದ್ದಾರೆ. ಸಿವಿಲ್ ಕೋರ್ಟುಗಳು ಬಂದ ಮೇಲೆ ವಸೂಲಿ ಸುಲಭವಾಯಿತು; ಸಾಲ ಕೊಡುವವರಲ್ಲಿ ಪೈಪೋಟಿ ಬೆಳೆಯಿತು. ಆದರೆ ರೈತನ ಕಷ್ಟಕಾಲದಲ್ಲಿ ಕೈಹಿಡಿಯುವ ಗರಜು ಸಾಹುಕಾರನಿಗೆ ಕಡಿಮೆಯಾಯಿತು. ಒಳ್ಳೆಯ ವರ್ಷದ ವ್ಯವಹಾರ ಇನ್ನೊಬ್ಬನ ಪಾಲಾಗುವುದಾದರೆ ಕೆಟ್ಟ ವರ್ಷದ ನಷ್ಟವನ್ನು ಇವನೇಕೆ ಹೊತ್ತಾನು? ಹಳೆಯ ಸಾಹುಕಾರ ಧರ್ಮಾತ್ಮನಾಗಿದ್ದನೆಂದು ಇದರ ಅರ್ಥವಲ್ಲ. ರೈತ ಉಳಿದರೆ ತಾನೂ ಉಳಿದೇನೆಂಬ ಲೆಕ್ಕ ಅವನದಾಗಿತ್ತು.

1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಸರಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆಯನ್ನು ತಂದಿತು. ಇದರ ಫಲವನ್ನೂ ಸ್ವಾಮಿಯವರು ಲತಿಕಾ ಚೌಧರಿಯವರೊಡನೆ ಪರಿಶೀಲಿಸಿದರು. ಸಾಲಗಾರನಿಗೆ ರಕ್ಷಣೆ ದೊರಕಿತು, ಸಾಲ ದೊರಕುವುದು ಕಡಿಮೆಯಾಯಿತು. ಸಹಕಾರಿ ಸಾಲ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು.

ಈ ಇತಿಹಾಸ ನಮ್ಮ ಸಂಘಕ್ಕೂ ಪಾಠವೆಂದು ನಾವು ಭಾವಿಸುತ್ತೇವೆ. ಕೊಳೆರೋಗದಿಂದ ಅಡಕೆ ಉದುರಿದ ವರ್ಷವಾಗಲಿ, ಹೂಮಳೆ ತಪ್ಪಿ ಕಾಫಿ ಕೈಕೊಟ್ಟ ವರ್ಷವಾಗಲಿ, ನೋಟೀಸು ಕಳಿಸುವುದೊಂದೇ ನಮ್ಮ ಕೆಲಸವಾದರೆ ಸಂಘಕ್ಕೂ ಕೋರ್ಟಿನ ಅಮೀನನಿಗೂ ವ್ಯತ್ಯಾಸವೇನು? ತೋಟ ನೋಡಿ, ನಷ್ಟ ಖಚಿತಪಡಿಸಿಕೊಂಡು, ನಿಯಮದೊಳಗೇ ಕಂತು ಮುಂದೂಡುವ ಕ್ರಮ ಬೇಕು. ಅದಕ್ಕೆ ತಗಲುವ ಹಣವನ್ನು ಒಳ್ಳೆಯ ವರ್ಷಗಳ ಲಾಭದಿಂದ, ಡಿವಿಡೆಂಡು ಹಂಚುವ ಮುನ್ನವೇ ತೆಗೆದಿಡಬೇಕು. ಡಿವಿಡೆಂಡು ಸ್ವಲ್ಪ ತಗ್ಗಬಹುದು, ತಗ್ಗಲಿ.

ಕಟ್ಟಲು ಶಕ್ತಿಯಿದ್ದೂ ಸುಸ್ತಿದಾರರಾಗುವವರಿಗೆ ಈ ರಿಯಾಯಿತಿ ಸಲ್ಲದು. ಸದಸ್ಯರ ಕರ್ತವ್ಯವೂ ಉಂಟು. ಧಾರಣೆ ಏರಿದಾಗ ಮಾಲು ಹೊರಗಿನ ಮಂಡಿಗೆ, ಸಾಲಕ್ಕೆ ಮಾತ್ರ ಸಂಘಕ್ಕೆ ಎಂಬ ನಡವಳಿಕೆಯಿದ್ದರೆ ಸಂಘ ಯಾವ ಬಲದಿಂದ ಕೈಹಿಡಿದೀತು? ಒಳ್ಳೆಯ ವರ್ಷದಲ್ಲಿ ಸಂಘದೊಡನೆ ನಿಂತವರಿಗೆ ಕೆಟ್ಟ ವರ್ಷದಲ್ಲಿ ಸಂಘ ನಿಲ್ಲಬೇಕು. ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯವನ್ನು ಚರ್ಚಿಸಿ ಒಂದು ನಿರ್ಣಯಕ್ಕೆ ಬರಬೇಕೆಂದು ನಮ್ಮ ವಿನಂತಿ.