ಕೇಳುವ ಹುಡುಗನಿಗೆ ಜಾಗವೆಲ್ಲಿ?

ಕಳೆದ ರಜೆಯಲ್ಲಿ ಮೂರು ವಾರ ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಹೊರಬರುವಾಗ ಮಸೀದಿಯ ಬಾಗಿಲಲ್ಲಿ ಯಾರೋ ಒಬ್ಬರು ಕೈಗೆ ಕರಪತ್ರವೊಂದನ್ನು ಕೊಟ್ಟರು. ಪಶ್ಚಿಮದ ದೇಶಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಮುಸ್ಲಿಂ ತಂದೆತಾಯಿಗಳಿಗೆ ಹಿತವಚನವಂತೆ. ಮೇಷ್ಟ್ರ ಚಾಳಿ ಬಿಡುವುದುಂಟೆ? ಬಸ್ಸಿನಲ್ಲಿ ಕುಳಿತು ಪೆನ್ಸಿಲು ಹಿಡಿದೇ ಓದಿದೆ. ಸಂಗೀತ ಬೇಡ, ಹುಟ್ಟುಹಬ್ಬ ಬೇಡ, ಶಾಲೆಯ ಪ್ರವಾಸ ಬೇಡ, ಅನ್ಯಮತದ ಗೆಳೆಯರ ಮನೆಯಲ್ಲಿ ರಾತ್ರಿ ತಂಗುವುದು ಬೇಡ, ಬಾಗಿಲು ಹಾಕಿದ ಕೋಣೆ ಬೇಡ. ಎಣಿಸಿದರೆ ಇಪ್ಪತ್ತೆರಡು 'ಬೇಡ'ಗಳಿದ್ದವು. ಮಗನೊಡನೆ ಮಾತಾಡಿ, ಮಗಳ ಮಾತನ್ನು ಕೇಳಿ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ.

ಬರೆದವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಪರದೇಶದಲ್ಲಿ ಮಕ್ಕಳು ಕೈತಪ್ಪಿ ಹೋದಾರೆಂಬ ಹೆತ್ತವರ ಸಂಕಟ ಸಣ್ಣದಲ್ಲ. ಆದರೆ ಈ ಕರಪತ್ರದಲ್ಲಿಯೂ ಇದರಂಥ ನೂರಾರು ಭಾಷಣಗಳಲ್ಲಿಯೂ ಕಾಣುವ ಬೋಧನೆಯ ಕ್ರಮವು ತಾನು ಕಾಪಾಡಹೊರಟ ಈಮಾನನ್ನೇ ಕೆಡಿಸುತ್ತಿದೆಯೆಂಬುದು ನನ್ನ ಆಪಾದನೆ. ಈ ಮಾತನ್ನಾಡಲು ಬೇರೆ ಮತದವರಿಗೆ ಸಂಕೋಚವಾದೀತು. ನಮಾಜಿನ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಆ ಸಂಕೋಚದ ಅಗತ್ಯವಿಲ್ಲ.

ಅಲ್ಲಿನ ಸ್ಥಿತಿಯನ್ನು ಮೊದಲು ಸ್ವಲ್ಪ ಹೇಳಬೇಕು. 2021ರ ಜನಗಣತಿಯಂತೆ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 39 ಲಕ್ಷ, ಅಂದರೆ ನೂರಕ್ಕೆ 6.5. ಬರ್ಮಿಂಗ್‌ಹ್ಯಾಮಿನಲ್ಲಂತೂ ನೂರಕ್ಕೆ ಹತ್ತಿರ ಹತ್ತಿರ 30. ಇಡೀ ಜನಸಂಖ್ಯೆಯ ನಡುವಯಸ್ಸು 40 ಆದರೆ ಮುಸ್ಲಿಮರದು 27. ಎಂದಮೇಲೆ ಹುಡುಗರ ಪ್ರಶ್ನೆ ಆ ಸಮುದಾಯದ ಅಂಚಿನ ಪ್ರಶ್ನೆಯಲ್ಲ, ಅದರ ನಡುಮನೆಯ ಪ್ರಶ್ನೆ. ಈ ನಗರದ ಅನೇಕ ಮಕ್ಕಳ ಅಜ್ಜಂದಿರು ಕಾಶ್ಮೀರದ ಮೀರ್‌ಪುರದ ಕಡೆಯವರು. 1960ರ ದಶಕದಲ್ಲಿ ಅಲ್ಲಿ ಮಂಗಲಾ ಅಣೆಕಟ್ಟು ಎದ್ದಾಗ ಲಕ್ಷಕ್ಕೂ ಹೆಚ್ಚು ಜನ ಹೊಲಮನೆ ಕಳೆದುಕೊಂಡರು. ಅವರಲ್ಲಿ ಅನೇಕರು ಇಲ್ಲಿನ ಎರಕದ ಕಾರ್ಖಾನೆಗಳಿಗೂ ಬ್ರಾಡ್‌ಫರ್ಡಿನ ನೂಲಿನ ಗಿರಣಿಗಳಿಗೂ ಬಂದರು. ನಾಲ್ಕು ಕಾಸು ಕೂಡಿಸಿ ಮರಳಿ ಹೋಗುವೆವೆಂದುಕೊಂಡವರೇ ಎಲ್ಲರೂ; ಮರಳಿದವರು ಕಡಮೆ. ಅವರು ಪೆಟ್ಟಿಗೆಯಲ್ಲಿ ಧರ್ಮವನ್ನೂ ತಂದರು, ಊರಿನ ಕಟ್ಟಳೆಯನ್ನೂ ತಂದರು. ಇಂದು ಮೊಮ್ಮಗನಿಗೆ ಅವೆರಡರಲ್ಲಿ ಯಾವುದು ಯಾವುದೆಂದು ತಿಳಿಯದು. ಬಿರಾದರಿಯೊಳಗೇ ಮದುವೆಯಾಗಬೇಕೆಂಬುದು ಊರಿನ ಕಟ್ಟಳೆ. ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆಯಿಲ್ಲದೆ ನಿಕಾಹ್ ಸಲ್ಲದೆಂಬುದು ಈ ಜನ ಅನುಸರಿಸುವ ಹನಫೀ ಪಂಥದ ಕಟ್ಟಳೆ. ಬಲವಂತದ ಮದುವೆಯನ್ನು ಅಪರಾಧವೆಂದು ಸಾರಲು 2014ರಲ್ಲಿ ಅಲ್ಲಿನ ಸರಕಾರ ಕಾನೂನನ್ನೇ ಜಾರಿಗೆ ತರಬೇಕಾಯಿತೆಂದರೆ, ಎರಡರಲ್ಲಿ ಯಾವ ಕಟ್ಟಳೆ ಗೆದ್ದಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಅಕ್ಕನ ಮಗನಿಗೆ ಹದಿನೈದು ವರ್ಷ. ಶಾಲೆ ಬಿಟ್ಟಮೇಲೆ ಸಂಜೆ ಐದರಿಂದ ಏಳರವರೆಗೆ ಮಸೀದಿಯ ಮದರಸಾ. ಐದರ ವಯಸ್ಸಿನಿಂದ ಹೋಗಿ ಕುರಾನನ್ನು ಎರಡು ಬಾರಿ ಖತಂ ಮಾಡಿದ್ದಾನೆ. ಉಚ್ಚಾರ ಎಷ್ಟು ಚೆನ್ನೆಂದರೆ ಕೇಳಿ ನನ್ನ ಕಣ್ಣು ತುಂಬಿತು. ಓದು ಮುಗಿಸಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತ ಅವನು ಕೇಳಿದ: "ಮಾಮೂ, ಇದರ ಅರ್ಥ ನಿಮಗೆ ಗೊತ್ತಾ?" ನನಗೆ ಅಲ್ಲಲ್ಲಿ ಗೊತ್ತು ಎಂದೆ. "ನನಗೆ ಎಲ್ಲೂ ಗೊತ್ತಿಲ್ಲ" ಎಂದ.

ಅನಂತರ ನಿಜವಾದ ವಿಷಯ ಹೊರಬಂತು. ಅವನ ಜೊತೆಗಾರನೊಬ್ಬ ಇಂಗ್ಲಿಷರವನು. ಆ ಹುಡುಗನ ಅಜ್ಜಿ ನಮ್ಮ ಹುಡುಗನಿಗೆಂದು ಹಲಾಲ್ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಕೋಳಿ ತಂದು ಬೇಯಿಸಿ ಬಡಿಸುತ್ತಿದ್ದವರು. ಚಳಿಗಾಲದಲ್ಲಿ ತೀರಿಕೊಂಡರು. ಇವನು ಮದರಸಾದಲ್ಲಿ ಉಸ್ತಾದರನ್ನು ಕೇಳಿದನಂತೆ: ಆ ಅಜ್ಜಿ ನರಕಕ್ಕೆ ಹೋಗುತ್ತಾರೆಯೆ? ಇಂಥ ಪ್ರಶ್ನೆ ಸೈತಾನನ ಪಿಸುಮಾತು, ಬಾಯಿ ಮುಚ್ಚಿ ಕುಳಿತುಕೊ ಎಂಬುದು ಸಿಕ್ಕಿದ ಉತ್ತರ. ಮನೆಗೆ ಬಂದು ತಂದೆಯನ್ನು ಕೇಳಿದ. ಉಸ್ತಾದರಿಗೆ ಎದುರು ಮಾತಾಡಿದೆಯಾ ಎಂದು ಅಲ್ಲಿಯೂ ಬೈಸಿಕೊಂಡ.

ಸೈತಾನನ ಪಿಸುಮಾತೆಂದು ಆ ಉಸ್ತಾದರು ತಳ್ಳಿಹಾಕಿದ ಪ್ರಶ್ನೆಯನ್ನು 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರು ಗ್ರಂಥದಲ್ಲಿಯೇ ಎತ್ತಿಕೊಂಡಿದ್ದಾರೆ. ಪ್ರವಾದಿಗಳ ಸಂದೇಶ ಯಾರಿಗೆ ತಲಪಲಿಲ್ಲವೋ, ಅಥವಾ ವಿಕಾರವಾದ ರೂಪದಲ್ಲಿ ತಲಪಿತೋ, ಅಂಥವರು ದೇವರ ಕರುಣೆಗೆ ಹೊರಗಲ್ಲವೆಂದು ಬರೆದಿದ್ದಾರೆ. ಅದೇ ಗಜಾಲಿಯವರು ತಮ್ಮ ಆತ್ಮಕಥನದಲ್ಲಿ, ಹತ್ತಿರ ಹತ್ತಿರ ಎರಡು ತಿಂಗಳು ಎಲ್ಲವನ್ನೂ ಶಂಕಿಸುವ ಸ್ಥಿತಿಯಲ್ಲಿ ತಾವು ನರಳಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರು ಈಗ ಬರ್ಮಿಂಗ್‌ಹ್ಯಾಮಿನ ಆ ಸಂಜೆಯ ತರಗತಿಯಲ್ಲಿ ಕುಳಿತಿದ್ದರೆ ಮೂಲೆಯಲ್ಲಿ ನಿಲ್ಲಬೇಕಾಗುತ್ತಿತ್ತು. ಪ್ರವಾದಿ ಇಬ್ರಾಹಿಮರು ಸತ್ತವರನ್ನು ಹೇಗೆ ಬದುಕಿಸುವೆ, ತೋರಿಸು ಎಂದು ದೇವರನ್ನೇ ಕೇಳಿದ ಪ್ರಸಂಗ ಕುರಾನಿನಲ್ಲಿದೆ. ನಂಬಿಕೆಯಿದೆ, ಮನಸ್ಸಿಗೆ ಸಮಾಧಾನ ಬೇಕು ಎಂಬುದು ಅವರ ವಿನಂತಿ. ದೇವರು ಅವರನ್ನು ಗದರಿಸಲಿಲ್ಲ. ಎರಡು ಬಾರಿ ಖತಂ ಮಾಡಿದ ಹುಡುಗನ ನಾಲಗೆಯ ಮೇಲೆ ಈ ಪ್ರಸಂಗ ಎರಡು ಬಾರಿ ಹರಿದುಹೋಗಿದೆ. ಅವನಿಗೆ ಅದು ಗೊತ್ತಿಲ್ಲ. ಗೊತ್ತುಮಾಡಿಸುವುದು ಯಾರ ಕೆಲಸ?

ಹಾಗಾದರೆ ಶಾಲೆಯಲ್ಲಿ ಕೇಳಬಹುದಲ್ಲ ಎಂದೀರಿ. ಅಲ್ಲಿಯ ಕಥೆ ಬೇರೆ. 2015ರ ಜುಲೈಯಿಂದ ಬ್ರಿಟನ್ನಿನ ಶಾಲೆಗಳ ಮೇಲೆ ಕಾನೂನಿನ ಹೊಣೆಯೊಂದು ಬಿದ್ದಿದೆ. ಮಕ್ಕಳು ಭಯೋತ್ಪಾದನೆಯ ಕಡೆ ಸೆಳೆಯಲ್ಪಡದಂತೆ ಶಿಕ್ಷಕರು ಎಚ್ಚರವಹಿಸಬೇಕು, ಅನುಮಾನ ಬಂದರೆ ತಿಳಿಸಬೇಕು. 'ಪ್ರಿವೆಂಟ್' ಎಂದು ಅದರ ಹೆಸರು. ಉದ್ದೇಶ ಸರಿಯೇ ಇರಬಹುದು. ಆದರೆ ಹುಡುಗ ಜಿಹಾದ್ ಎಂಬ ಪದದ ಅರ್ಥ ಕೇಳಿದರೆ ಉತ್ತರ ಹೇಳುವ ಮುಂಚೆ ಮೇಷ್ಟ್ರು ಒಂದು ಕ್ಷಣ ಅವನ ಮುಖ ನೋಡುತ್ತಾರಲ್ಲ, ಆ ಒಂದು ಕ್ಷಣದಲ್ಲಿ ಹುಡುಗನಿಗೆ ಅರ್ಥವಾಗಬೇಕಾದ್ದೆಲ್ಲ ಅರ್ಥವಾಗುತ್ತದೆ. ನಾನೂ ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವನು. ವಿದ್ಯಾರ್ಥಿಗಳು ಮೇಷ್ಟ್ರ ಮುಖವನ್ನು ಪುಸ್ತಕಕ್ಕಿಂತ ಚೆನ್ನಾಗಿ ಓದುತ್ತಾರೆ. ಲಂಡನ್ನಿನ ವೆಂಬ್ಲಿಯ ಶಾಲೆಯೊಂದರಲ್ಲಿ ಅರ್ಧದಷ್ಟು ಮಕ್ಕಳು ಮುಸ್ಲಿಮರು. ಅಲ್ಲಿ ಅಂಗಳದಲ್ಲಿ ನಮಾಜು ಮಾಡತೊಡಗಿದಾಗ ಶಾಲೆ ಅದನ್ನು ನಿಷೇಧಿಸಿತು; 2024ರಲ್ಲಿ ಉಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಫ್ರಾನ್ಸಿನಲ್ಲಿ 2004ರ ಕಾನೂನು ಸರಕಾರಿ ಶಾಲೆಗಳಿಂದ ತಲೆವಸ್ತ್ರವನ್ನು ಹೊರಗಿಟ್ಟಿತು, 2023ರಲ್ಲಿ ಉದ್ದ ನಿಲುವಂಗಿಯೂ ಹೊರಗಾಯಿತು. ತಲೆಯ ಮೇಲಿನ ಬಟ್ಟೆಯನ್ನು ಅಳೆಯುವುದರಲ್ಲಿ ಆ ಮಂತ್ರಿಗಳಿಗೂ ನಮ್ಮ ಕರಪತ್ರದವರಿಗೂ ಇರುವ ಉತ್ಸಾಹ ಒಂದೇ. ತಲೆಯೊಳಗೆ ಏನಿದೆಯೆಂದು ಕೇಳುವವರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಮಸೀದಿಯಲ್ಲಿ ಕೇಳಿದರೆ ಪಾಪ. ಮನೆಯಲ್ಲಿ ಕೇಳಿದರೆ ಅವಿಧೇಯತೆ. ಶಾಲೆಯಲ್ಲಿ ಕೇಳಿದರೆ ಅನುಮಾನ. ಹಾಗೆಂದು ಹದಿನೈದರ ವಯಸ್ಸಿನ ಪ್ರಶ್ನೆ ಸಾಯುವುದಿಲ್ಲ. ಅದು ನಾಲ್ಕನೆಯ ಬಾಗಿಲನ್ನು ಹುಡುಕುತ್ತದೆ. ಆ ಬಾಗಿಲು ಹುಡುಗನ ಜೇಬಿನಲ್ಲೇ ಇದೆ. ಮೊಬೈಲಿನಲ್ಲಿ ಉತ್ತರ ಹೇಳುವ ಮೌಲ್ವಿಗಳು ಸ್ವಚ್ಛವಾದ ಇಂಗ್ಲಿಷಿನಲ್ಲಿ, ನಗುಮುಖದಿಂದ, ರಾತ್ರಿ ಎರಡು ಗಂಟೆಗೂ ಮಾತಾಡುತ್ತಾರೆ. ಅವರಲ್ಲಿ ಸಾಧುಗಳೂ ಇದ್ದಾರೆ, ಹುಚ್ಚರೂ ಇದ್ದಾರೆ, ಧರ್ಮವೆಲ್ಲ ಬೂಟಾಟಿಕೆಯೆಂದು ನಗಿಸುವವರೂ ಇದ್ದಾರೆ. ಹುಡುಗನಿಗೆ ತೂಕದ ಕಲ್ಲು ಎಲ್ಲಿದೆ? 2015ರ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನಿಂದ ಹದಿನೈದು ಹದಿನಾರು ವರ್ಷದ ಮೂವರು ಹುಡುಗಿಯರು ಮನೆಯಲ್ಲಿ ಯಾರಿಗೂ ಹೇಳದೆ ಸಿರಿಯಾಕ್ಕೆ ಹೊರಟುಹೋದರು. ಓದಿನಲ್ಲಿ ಮುಂದಿದ್ದ ಮಕ್ಕಳು. ಮನೆಯವರಿಗೆ ಸುಳಿವೇ ಇರಲಿಲ್ಲ.

ಭಾಷೆಯ ಮಾತು ಬಂದಾಗ ಕನ್ನಡದ ಮೇಷ್ಟ್ರು ಸುಮ್ಮನಿರುವುದು ಕಷ್ಟ. ಅಕ್ಕನ ಮಗ ಕನಸು ಕಾಣುವುದು ಇಂಗ್ಲಿಷಿನಲ್ಲಿ. ಜುಮ್ಮಾದ ದಿನ ಪೀಠದಿಂದ ಕೇಳುವುದು ಬಹುಪಾಲು ಉರ್ದು. ಕೊನೆಗೆ ಐದು ನಿಮಿಷ ಅವಸರದ ಇಂಗ್ಲಿಷು. ಇಂಗ್ಲಿಷಿನಲ್ಲೇ ಪ್ರವಚನ ನಡೆಸುವ ಮಸೀದಿಗಳು ಹೆಚ್ಚುತ್ತಿವೆ, ನಿಜ. ನಮ್ಮ ಬೀದಿಯದು ಆ ಪೈಕಿಯಲ್ಲ. ಪವಿತ್ರ ಗ್ರಂಥ ಅರಬ್ಬಿಯಲ್ಲಿರಲಿ, ನಮಾಜು ಅರಬ್ಬಿಯಲ್ಲಿರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅರ್ಥವನ್ನು ಹುಡುಗನ ಭಾಷೆಯಲ್ಲಿ ಹೇಳಿದರೆ ಧರ್ಮದ ಗಾಂಭೀರ್ಯ ಕೆಟ್ಟೀತೆಂಬ ಅಳುಕು ಎಲ್ಲಿಂದ ಬಂತು? ಈ ಜನ ಅನುಸರಿಸುವ ಪಂಥದ ಮೂಲಪುರುಷರಾದ ಇಮಾಮ್ ಅಬೂ ಹನೀಫಾ ಅವರು ನಮಾಜಿನಲ್ಲಿಯೇ ಪಾರಸಿಯಲ್ಲಿ ಓದಬಹುದೆಂದು ಒಮ್ಮೆ ಹೇಳಿದ್ದರು. ಶಿಷ್ಯರು ಅದನ್ನು ಅರಬ್ಬಿ ಬಾರದವರಿಗೆ ಮಾತ್ರವೆಂದು ಮಿತಗೊಳಿಸಿದರು. ಇಮಾಮರೂ ಕೊನೆಗೆ ಅದಕ್ಕೊಪ್ಪಿದರೆಂದು ಹೇಳುತ್ತಾರೆ. ಇರಲಿ. ಹನ್ನೆರಡೂವರೆ ಶತಮಾನದ ಹಿಂದೆ ಆ ದೊಡ್ಡವರಿಗೆ ಇದು ಚರ್ಚಿಸತಕ್ಕ ವಿಷಯವಾಗಿತ್ತು ಎಂಬುದಷ್ಟೇ ನನಗೆ ಬೇಕಾದದ್ದು.

ನಾನು ಹದಿನಾರರಲ್ಲಿ ಕುರಾನಿನ ಕನ್ನಡ ಅನುವಾದವನ್ನು ಕದ್ದು ಓದುತ್ತಿದ್ದೆ. ಕದ್ದು ಏಕೆಂದರೆ, ಊರಿನ ಹಿರಿಯರು ನೋಡಿದರೆ 'ಕನ್ನಡ ಹಾಫಿಜ್ ಬಂದ' ಎಂದು ನಗುತ್ತಿದ್ದರು. ನನ್ನನ್ನು ಉಳಿಸಿದವರು ಅಕ್ಷರ ಬಾರದ ನನ್ನ ದಾದಿ. ದೇವರಿಗೆ ನಮ್ಮ ಉಪವಾಸದಿಂದ ಏನು ಲಾಭವೆಂದು ಕೇಳಿದಾಗ ಅವರು ಬೈಯಲಿಲ್ಲ. ರೊಟ್ಟಿ ಬಡಿಯುತ್ತಲೇ, "ಅವನಿಗೇನೂ ಇಲ್ಲ ಬೇಟಾ, ಹಸಿವು ಅಂದರೆ ಏನೂಂತ ನಿನಗೆ ಗೊತ್ತಾಗಲಿ ಅಂತ" ಎಂದರು. ದೊಡ್ಡ ತತ್ತ್ವವೇನೂ ಅಲ್ಲ. ಆದರೆ ಉತ್ತರ.

ಅಕ್ಕನ ಮಗಳ ಸಂಗತಿಯನ್ನೂ ಹೇಳಬೇಕು. ಹದಿನೇಳರ ಹುಡುಗಿ. ಅಮ್ಮ ತಲೆಗೆ ಸೆರಗು ಹೊದ್ದು ತೃಪ್ತಳು. ಮಗಳು ತಾನಾಗಿಯೇ ಹಿಜಾಬ್ ಹಿಡಿದಿದ್ದಾಳೆ. ಬಸ್ಸಿನಲ್ಲಿ ಯಾರಾದರೂ ಏನಾದರೂ ಅಂದಾರೆಂದು ಅಕ್ಕನಿಗೆ ಹೆದರಿಕೆ. ಏಕೆ ಹಾಕಿಕೊಂಡೆ ಎಂದು ಅಕ್ಕ ಕೇಳಿಲ್ಲ, ಅವಳು ಹೇಳಿಲ್ಲ. ನಮ್ಮ ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಹುಡುಗಿ ಅದನ್ನು ತಂದು ಓದಿದಳಂತೆ. ಓದಿ, ನಿಮ್ಮೂರಲ್ಲಿ ಹೆಂಗಸರು ಹೀಗೆಯೇ ಇದ್ದರಾ ಅಮ್ಮಾ ಎಂದು ಕೇಳಿದಳಂತೆ. ಆ ರಾತ್ರಿ ತಾಯಿಮಗಳು ಒಂದು ಗಂಟೆಯವರೆಗೆ ಮಾತಾಡಿದರು. ಒಂದು ಕಥಾಸಂಕಲನ ಮಾಡಿದ ಕೆಲಸವನ್ನು ಇಪ್ಪತ್ತೆರಡು ಬೇಡಗಳು ಮಾಡಿರಲಿಲ್ಲ.

ಆ ದೇಶದ ಲೇಖಕರು ಈ ವ್ಯಥೆಯನ್ನು ಎಂದೋ ಕಂಡಿದ್ದಾರೆ. ಅಯೂಬ್ ಖಾನ್ ದೀನರ 1996ರ ನಾಟಕ 'ಈಸ್ಟ್ ಈಸ್ ಈಸ್ಟ್'ನಲ್ಲಿ ತಂದೆ ಬಡಿಗೆ ಹಿಡಿದು ಧರ್ಮವನ್ನು ಕಾಯುತ್ತಾನೆ. ಮಕ್ಕಳು ಒಬ್ಬೊಬ್ಬರಾಗಿ ಜಾರುತ್ತಾರೆ. ಹನೀಫ್ ಕುರೇಶಿಯವರ 'ಮೈ ಸನ್ ದ ಫನ್ಯಾಟಿಕ್' ಕಥೆಯಲ್ಲಿ ತಂದೆ ಟ್ಯಾಕ್ಸಿ ಚಾಲಕ, ಕುಡಿಯುವವ, ಧರ್ಮದ ಗೊಡವೆಗೆ ಹೋಗದವ. ಮಗ ಉಗ್ರನಾಗುತ್ತಾನೆ, ಕೊನೆಗೆ ತಂದೆಯೇ ಅವನ ಮೇಲೆ ಕೈಮಾಡುತ್ತಾನೆ. ಬಿಗಿಹಿಡಿದವನೂ ಸೋತ, ಬಿಟ್ಟುಕೊಟ್ಟವನೂ ಸೋತ. ಎರಡು ಮನೆಯಲ್ಲಿಯೂ ತಂದೆಮಗ ಎದುರುಬದುರು ಕುಳಿತು ಮನಸ್ಸು ಬಿಚ್ಚಿದ್ದು ಇಲ್ಲವೆನ್ನುವಷ್ಟು ಕಡಮೆ. ಮಕ್ಕಳನ್ನು ಅವರ ಪಾಡಿಗೆ ಬಿಡಿ, ಧರ್ಮ ತಾನಾಗಿ ಕಳಚುತ್ತದೆ ಎಂದು ಬುದ್ಧಿ ಹೇಳುವ ನಮ್ಮ ಪ್ರಗತಿಶೀಲ ಮಿತ್ರರೂ ಈ ಎರಡನೆಯ ಕಥೆಯನ್ನು ಓದುವುದು ಒಳ್ಳೆಯದು.

ಭಾವ ನನ್ನ ಮಾತನ್ನೆಲ್ಲ ಕೇಳಿ, "ನೀನು ಮೂರು ವಾರಕ್ಕೆ ಬಂದವನು, ನಿನಗೆ ಸುಲಭ" ಎಂದರು. ಒಪ್ಪಿದೆ. 2005ರ ಜುಲೈಯಲ್ಲಿ ಲಂಡನ್ನಿನ ರೈಲುಗಳಲ್ಲಿ ಬಾಂಬು ಸಿಡಿದ ವಾರ ಅವರು ರಾತ್ರಿಪಾಳಿಯ ಕೆಲಸಕ್ಕೆ ಹೋಗುವಾಗ ಮುಖದ ಮೇಲೆ ಉಗುಳಿಸಿಕೊಂಡವರು. ಅಂದಿನಿಂದ ಮಗ ಸುದ್ದಿಯಲ್ಲಿರಬಾರದು, ದಾರಿಯನ್ನೂ ತಪ್ಪಬಾರದು ಎಂಬೆರಡೇ ಅವರ ಪ್ರಾರ್ಥನೆ. ಪ್ರಶ್ನೆಗೆ ಬಾಗಿಲು ತೆರೆದರೆ ನಂಬಿಕೆಯೇ ಹೊರಟುಹೋದೀತೆಂಬ ಅಂಜಿಕೆ ಅವರದು. ನಾನು ಅವರಿಗೆ ಹದೀಸಿನ ಪ್ರಸಂಗವೊಂದನ್ನು ನೆನಪಿಸಿದೆ. ಯುವಕನೊಬ್ಬ ಪ್ರವಾದಿಗಳ ಬಳಿಗೆ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ಸುತ್ತ ಇದ್ದವರು ಗದರಿಸಿದರು. ಪ್ರವಾದಿಗಳು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡರು. ನಿನ್ನ ತಾಯಿಗೆ ಯಾರಾದರೂ ಹೀಗೆ ಮಾಡಿದರೆ ಒಪ್ಪುವೆಯಾ, ಮಗಳಿಗೆ, ತಂಗಿಗೆ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದರು. ಅಂಥ ಪ್ರಶ್ನೆಗೇ ಅಲ್ಲಿ ಜಾಗವಿದ್ದರೆ ಒಬ್ಬ ಮುದುಕಿಯ ಆತ್ಮದ ಚಿಂತೆಗೆ ಇಲ್ಲಿ ಜಾಗವಿಲ್ಲವೆ? ಭಾವ ಬಹಳ ಹೊತ್ತು ಮಾತಾಡಲಿಲ್ಲ.

ಕೂಡಿ ಕುಳಿತರೆ ದಾರಿ ಕಾಣದ ಜನ ಅವರೇನಲ್ಲ. 2016ರಿಂದ 2018ರವರೆಗೆ ರಂಜಾನ್ ಬಂದದ್ದು ಮೇ-ಜೂನ್‌ಗಳಲ್ಲಿ, ಹದಿನಾರರ ಮಕ್ಕಳಿಗೆ ದೊಡ್ಡ ಪರೀಕ್ಷೆಯ ಕಾಲ. ಹಗಲು ಹದಿನೆಂಟು ಗಂಟೆಯ ಉಪವಾಸ. ಆಗ ಶಾಲಾ ಮುಖ್ಯಸ್ಥರ ಸಂಘದವರು ಮುಸ್ಲಿಂ ವಿದ್ವಾಂಸರೊಡನೆ ಸಮಾಲೋಚಿಸಿ ಸಲಹಾಪತ್ರವೊಂದನ್ನು ಹೊರತಂದರು. ಹೊಟ್ಟೆಯ ಹಸಿವಿನ ಬಗ್ಗೆ ಇದು ಸಾಧ್ಯವಾಯಿತು.

ನಮ್ಮ ಬೀದಿಯ ಮಸೀದಿಗೆ ಮಹಡಿಯ ಮೇಲೆ ಒಂದು ಕೋಣೆಯಿದೆ. ಶನಿವಾರ ಸಂಜೆ ಖಾಲಿ. ವಾರಕ್ಕೊಂದು ಗಂಟೆ ಹುಡುಗರು ಹುಡುಗಿಯರು ಅಲ್ಲಿ ಬಂದು ಕೂರಲಿ, ಓದಿಕೊಂಡವರೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಹೇಳಲಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನಲಿ, ಯಾವ ಪ್ರಶ್ನೆಯನ್ನೂ ಯಾರ ಮನೆಗೂ ಮುಟ್ಟಿಸದಿರಲಿ ಎಂದು ಸಮಿತಿಗೆ ಒಂದು ಅರ್ಜಿ ಬರೆದೆವು. ನಾನು ಕರಡು ಮಾಡಿದೆ, ಭಾವ ಸಹಿ ಹಾಕಿದರು. ಅವರು ಸಹಿ ಹಾಕಿದ್ದನ್ನು ಹುಡುಗ ಬಾಗಿಲ ಸಂದಿಯಿಂದ ನೋಡುತ್ತಿದ್ದ. ನಾನು ಊರಿಗೆ ಮರಳಿ ನಾಲ್ಕು ತಿಂಗಳಾಯಿತು. ಅರ್ಜಿಯನ್ನು ಮುಂದಿನ ಸಭೆಗೆ ಇಡಲಾಗಿದೆಯೆಂದು ಮೊನ್ನೆ ಅಕ್ಕ ಫೋನಿನಲ್ಲಿ ಹೇಳಿದರು. ಹುಡುಗನಿಗೆ ಬರುವ ತಿಂಗಳು ಹದಿನಾರು ತುಂಬುತ್ತದೆ.